ಕೇಳಲಿಲ್ಲ, ಹೇಳಲಿಲ್ಲ: ಇದು ಸುಳ್ಳಿನ ಲೆಕ್ಕಕ್ಕೆ ಬರುತ್ತಾ?

ನಡುಬೆಂಚು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದವನು, ಇವತ್ತು ಮೊದಲ ಸಲ ಬರೀತಿದೀನಿ. ವಿಷಯ ಚಿಕ್ಕದು, ಆದ್ರೂ ಒಳಗೆ ಕೊರೀತಾ ಇದೆ.

ಎರಡು ತಿಂಗಳ ಹಿಂದೆ ನನ್ನ ಹಳೇ ಬೈಕ್ ಮಾರಿದೆ. ಒಂಬತ್ತು ವರ್ಷ ಓಡಿಸಿದ ಗಾಡಿ. ಮಾರೋಕೆ ಸ್ವಲ್ಪ ದಿನ ಮುಂಚೆ ಮೆಕ್ಯಾನಿಕ್ ಹೇಳಿದ್ರು, 'ಇಂಜಿನ್ ಆಯಿಲ್ ಕುಡೀತಿದೆ, ಬಿಚ್ಚಿ ಕೆಲಸ ಮಾಡಿಸ್ಬೇಕು, ಅಲ್ಲೀವರೆಗೆ ವಾರಕ್ಕೊಂದ್ಸಲ ಆಯಿಲ್ ಲೆವೆಲ್ ನೋಡ್ಕೊಳ್ಳಿ' ಅಂತ. ಖರ್ಚು ಜಾಸ್ತಿ ಅನ್ನಿಸ್ತು. ಮಾಡಿಸೋ ಬದಲು ಮಾರೋಣ ಅಂದ್ಕೊಂಡೆ. ಕೊಳ್ಳೋಕೆ ಬಂದ ಹುಡುಗ ಒಂದು ಸುತ್ತು ಓಡಿಸಿ ನೋಡಿದ. ಟೈರು, ಬ್ರೇಕು, ಕಾಗದಪತ್ರ ಎಲ್ಲಾ ವಿಚಾರಿಸಿದ. ಇಂಜಿನ್ ಬಗ್ಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ವ್ಯವಹಾರ ಮುಗೀತು.

ಹೋದ ಭಾನುವಾರ ಚರ್ಚಲ್ಲಿ ಬೈಬಲ್ಲಿನ ಮತ್ತಾಯ 7:12ರ ಮೇಲೆ ಪ್ರಸಂಗ. ಬೇರೆಯವರು ನಮಗೆ ಏನು ಮಾಡ್ಬೇಕು ಅಂತ ಬಯಸ್ತೀವೋ ಅದನ್ನೇ ನಾವು ಅವರಿಗೆ ಮಾಡ್ಬೇಕು. ನೂರು ಸಲ ಕೇಳಿದ ವಾಕ್ಯ. ಈ ಸಲ ಮಾತ್ರ ಆ ಹುಡುಗನ ಮುಖ ಕಣ್ಮುಂದೆ ಬಂತು.

ನಾನು ಸುಳ್ಳು ಹೇಳಿಲ್ಲ. ಅವನು ಕೇಳಲಿಲ್ಲ ಅಷ್ಟೆ. ಇದು ಪಾಪಾನಾ? ದೇವರ ಹತ್ರ ಕ್ಷಮೆ ಕೇಳಿ ಮುಂದೆ ಹೋಗೋದಾ, ಇಲ್ಲಾ ಅವನಿಗೆ ಫೋನ್ ಮಾಡ್ಬೇಕಾ? ಹೆಂಡತಿ ಕೇಳ್ತಾಳೆ, 'ಕೊಳ್ಳೋನಿಗೆ ಕಣ್ಣಿರಲಿಲ್ವಾ?' ಅಂತ.

ಸಾಸಿವೆಕಾಳು

ಬ್ರದರ್, ನಿಮ್ಮ ಮನಸ್ಸಾಕ್ಷಿ ಎಚ್ಚರವಾಗಿದೆ ಅನ್ನೋದೇ ದೊಡ್ಡ ಆಶೀರ್ವಾದ. ದೇವರಿಗೆ ಸ್ತೋತ್ರ! ಪ್ರಾರ್ಥನೆ ಮಾಡಿ, ಸಮಾಧಾನ ಸಿಗುತ್ತೆ.

ಲೆಕ್ಕಪಕ್ಕಾ

ನಿಮ್ಮ ಹೆಂಡತಿ ಹೇಳಿದ್ದೇ ಸರಿ. ಒಂಬತ್ತು ವರ್ಷದ ಗಾಡಿ ಅಂದ್ಮೇಲೆ ಏನಾದ್ರೂ ಇದ್ದೇ ಇರುತ್ತೆ ಅಂತ ಗೊತ್ತಿಟ್ಕೊಂಡೇ ಜನ ಕೊಳ್ಳೋದು. ಬೆಲೆಯಲ್ಲೇ ಅದೆಲ್ಲಾ ಸೇರಿರುತ್ತೆ. ಕೊಳ್ಳೋರೇನು ಸಂತರಾ? ಜ್ಞಾನೋಕ್ತಿ 20:14 ಓದಿ. ಕೊಳ್ಳುವಾಗ 'ಚೆನ್ನಾಗಿಲ್ಲ, ಚೆನ್ನಾಗಿಲ್ಲ' ಅಂತಾನೆ, ಆ ಕಡೆ ಹೋದ್ಮೇಲೆ ಜಂಬ ಕೊಚ್ಕೋತಾನೆ. ಸೊಲೊಮೋನನ ಕಾಲದಿಂದ್ಲೂ ಇದೇ ಆಟ. ಎರಡು ಕಡೆಯವರೂ ಆಡ್ತಾರೆ. ದೇವರು ತನಗೆ ತಾನು ಸಹಾಯ ಮಾಡ್ಕೊಳ್ಳೋನಿಗೆ ಸಹಾಯ ಮಾಡ್ತಾನೆ ಅಂತ ಬೈಬಲ್ಲೇ ಹೇಳುತ್ತೆ.

ದಿದುಮ

@ಲೆಕ್ಕಪಕ್ಕಾ ಬೈಬಲ್ ಹಾಗೆ ಹೇಳಲ್ಲ. ಎಲ್ಲೂ ಇಲ್ಲ. ಆದಿಕಾಂಡದಿಂದ ಪ್ರಕಟನೆವರೆಗೆ ಹುಡುಕಿ, ಸಿಕ್ಕಿದ್ರೆ ನಾನು ಈ ವೇದಿಕೆ ಬಿಟ್ಟು ಹೋಗ್ತೀನಿ.

ಲೆಕ್ಕಪಕ್ಕಾ

ಸರಿ ಸರಿ, ಗಾದೆ ಅಂತ ಇಟ್ಕೊಳ್ಳಿ. 20:14 ಇದೆ ತಾನೆ?

ದಿದುಮ

ಅದಿದೆ. ಆದ್ರೆ ಅದು ಕೊಳ್ಳೋನ ನಾಟಕವನ್ನ ತೋರಿಸುತ್ತೆ, ನಾಟಕ ಆಡಿ ಅಂತ ಅಪ್ಪಣೆ ಕೊಡಲ್ಲ. ಅದೇ ಅಧ್ಯಾಯದಲ್ಲಿ ನಾಲ್ಕು ವಚನ ಮೇಲಕ್ಕೆ ಹೋಗಿ. 20:10ರಲ್ಲಿ ಎರಡು ತರಹದ ತೂಕದ ಕಲ್ಲು, ಎರಡು ತರಹದ ಅಳತೆ ದೇವರಿಗೆ ಅಸಹ್ಯ ಅಂತಿದೆ. 20:23ರಲ್ಲಿ ಮತ್ತೆ ಅದೇ ಮಾತು. ನಿಮ್ಮ ವಾಕ್ಯ ಆ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡಿದೆ.

ಗ್ರೀಸ್‌ಕೈ

ನಾನು ವಾಕ್ಯ ಗೀಕ್ಯ ಜಾಸ್ತಿ ಗೊತ್ತಿರೋನಲ್ಲ, ಗ್ಯಾರೇಜ್‌ನಲ್ಲಿ ಕೆಲಸ. ಒಂದೇ ಪ್ರಶ್ನೆ. ಹೊಗೆ ಬರ್ತಿತ್ತಾ? ಯಾವಾಗ? ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದ್ಸಲ ನೀಲಿ ಹೊಗೆ ಬಂದು ನಿಂತ್ರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಹೋಗಿರುತ್ತೆ. ಗಾಡಿ ರಾತ್ರಿಯೆಲ್ಲಾ ನಿಂತಾಗ ಆಯಿಲ್ ಒಳಗೆ ಜಿನುಗಿರುತ್ತೆ, ಸ್ಟಾರ್ಟ್ ಆದ ಕೂಡ್ಲೆ ಅದೇ ಉರಿದು ಹೊಗೆ ಆಗುತ್ತೆ. ಆಕ್ಸಿಲರೇಟರ್ ತಿರುಗಿಸಿದಾಗೆಲ್ಲಾ ಬರ್ತಿದ್ರೆ ಪಿಸ್ಟನ್ ರಿಂಗೋ ಬೋರೋ ಸವೆದಿದೆ.

ಮತ್ತೆ ಇನ್ನೊಂದು. ಆ ಹುಡುಗ ಬಂದಾಗ ಇಂಜಿನ್ ತಣ್ಣಗಿತ್ತಾ?

ಮಾರ್ಥ

ಗ್ರೀಸ್‌ಕೈ ಅಣ್ಣ ನೇರ ನರಕ್ಕೇ ಕೈ ಹಾಕಿದ್ರು 😀

ಎರಡುಕಾಸು

ನಾನು ಕಥೋಲಿಕಳು, ವಯಸ್ಸಾದವಳು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ತಪ್ಪು ತಿಳ್ಕೋಬೇಡಿ.

ಈ ಪ್ರಶ್ನೆ ಹೊಸದೇನಲ್ಲ ಮಗಾ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಇದನ್ನೇ ಎತ್ತಿಕೊಂಡ್ರು, ಮಾರೋನು ವಸ್ತುವಿನ ದೋಷ ಹೇಳ್ಲೇಬೇಕಾ ಅಂತ. ಅವರು ಗೆರೆ ಎಳೆದದ್ದು ಬಹಳ ಜಾಣತನದಿಂದ. ದೋಷ ಎದ್ದು ಕಾಣ್ತಿದ್ರೆ, ಉದಾಹರಣೆಗೆ ಕುದುರೆಗೆ ಒಂದೇ ಕಣ್ಣಿದ್ರೆ, ಬಾಯಿಬಿಟ್ಟು ಹೇಳ್ಬೇಕಾಗಿಲ್ಲ, ಆದ್ರೆ ಬೆಲೆಯನ್ನ ತಕ್ಕಷ್ಟು ಇಳಿಸಿರಬೇಕು. ದೋಷ ಒಳಗಡೆ ಅಡಗಿದ್ದು, ಅದರಿಂದ ಕೊಂಡವನಿಗೆ ನಷ್ಟವೋ ಅಪಾಯವೋ ಆಗೋ ಹಾಗಿದ್ರೆ ಹೇಳ್ಲೇಬೇಕು. ಅವನು ಕೇಳಿದ್ನಾ ಇಲ್ವಾ ಅನ್ನೋದರ ಮೇಲೆ ಅದು ನಿಂತಿಲ್ಲ.

ನಿಮ್ಮ ಬೈಕು ಒಕ್ಕಣ್ಣಿನ ಕುದುರೆಯಾ, ಒಳಗೆ ರೋಗ ಇರೋ ಕುದುರೆಯಾ? ಅಷ್ಟು ಹೇಳಿ ಸಾಕು.

ಇನ್ನು 'ದೇವರ ಹತ್ರ ಕ್ಷಮೆ ಕೇಳಿ ಮುಂದೆ ಹೋಗೋದಾ' ಅಂದ್ರಲ್ಲ, ನಾವು ಪಾಪನಿವೇದನೆಗೆ ಹೋದ್ರೆ ಸ್ವಾಮಿಗಳು ಕ್ಷಮೆ ಕೊಡ್ತಾರೆ, ಆದ್ರೆ ಕದ್ದ ಮಾಲು ವಾಪಸ್ ಕೊಡಬೇಕು ಅನ್ನೋದು ಹಾಗೇ ಉಳಿಯುತ್ತೆ. ಅದನ್ನ ಯಾವ ಜಪವೂ ಅಳಿಸಲ್ಲ.

ಕೃಪೆಮಾತ್ರ

ಇಲ್ಲೇ ನೋಡಿ ಸಮಸ್ಯೆ. ಶುರುವಾಯ್ತು ಕ್ರಿಯೆಗಳ ಲೆಕ್ಕ. ಎಫೆಸದವರಿಗೆ 2:8-9: ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದ ಅಲ್ಲ. ಶಿಲುಬೆಯಲ್ಲಿ ಸಾಲ ತೀರಿಹೋಗಿದೆ. ಬ್ರದರ್ ಈ ಅಪರಾಧಪ್ರಜ್ಞೆಯಲ್ಲಿ ಬದುಕಬೇಕಾಗಿಲ್ಲ.

ಎರಡುಕಾಸು

10ನೇ ವಚನ ಯಾಕಪ್ಪ ಬಿಟ್ಟೆ?

ಕೃಪೆಮಾತ್ರ

10 ನನಗೆ ಗೊತ್ತು ಆಂಟಿ. ಸತ್ಕ್ರಿಯೆಗಳಿಗಾಗಿ ಸೃಷ್ಟಿಸಲ್ಪಟ್ಟಿದ್ದೇವೆ. ಆದ್ರೆ ಅದು ಫಲ, ಬೇರಲ್ಲ.

ಎರಡುಕಾಸು

ಫಲ ಅಂತಲೇ ಇಟ್ಕೋ. ಮರದಲ್ಲಿ ಕಾಣಬೇಕಲ್ಲ?

ದಿದುಮ

ವಚನಗಳಿಗೆ ನಂಬರ್ ಹಾಕಿದವನ ತಪ್ಪು ಇದು. ಪೌಲ ಬರೆದದ್ದು ಪತ್ರ, ನಂಬರ್ ಇರಲಿಲ್ಲ. ಹೊಸ ಒಡಂಬಡಿಕೆಗೆ ನಾವು ಈಗ ಬಳಸೋ ವಚನಸಂಖ್ಯೆ ಬಂದದ್ದು 1551ರಲ್ಲಿ, ರೊಬೆರ್ ಎತಿಯೆನ್ ಅನ್ನೋ ಮುದ್ರಕ ಅಚ್ಚು ಹಾಕಿದ ಗ್ರೀಕ್ ಆವೃತ್ತಿಯಲ್ಲಿ. ಅಂದಿನಿಂದ ನಾವು ಬೇಕಾದಲ್ಲಿ ಕತ್ತರಿ ಹಾಕೋದು ಕಲಿತುಬಿಟ್ವಿ. 8-9 ಓದಿ ನಿಲ್ಲಿಸ್ತೀವಿ, 10ಕ್ಕೆ ಬರೋ ಹೊತ್ತಿಗೆ ಆಮೆನ್ ಆಗಿರುತ್ತೆ.

ಹಾಗೇ ಯೆರೆಮೀಯ 29:11. ಬೆಳಿಗ್ಗೆ ಆರು ಗಂಟೆಗೆ ಸೂರ್ಯೋದಯದ ಚಿತ್ರದ ಮೇಲೆ ಬರುತ್ತಲ್ಲ, ನಿಮ್ಮ ಹಿತದ ಯೋಚನೆಗಳು ನನಗಿವೆ ಅಂತ. 10ನೇ ವಚನದಲ್ಲಿ ಎಪ್ಪತ್ತು ವರ್ಷ ಬಾಬೆಲಿನಲ್ಲೇ ಇರ್ತೀರಿ ಅಂತಿದೆ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಸಾಸಿವೆಕಾಳು

ಬೆಳಿಗ್ಗೆ ಆರು ಗಂಟೆಗೆ ಕಳಿಸೋದು ನಾನೇ 😔

ದಿದುಮ

ಅಯ್ಯೋ ನಿಮಗೆ ಹೇಳಿದ್ದಲ್ಲ.

ಮಾರ್ಥ

ನಿಮಗೇ ಹೇಳಿದ್ದು ಸಿಸ್ಟರ್ 😂 ಕಳಿಸಿ ಕಳಿಸಿ, ನಿಲ್ಲಿಸ್ಬೇಡಿ. ಜೊತೆಗೆ 10 ಕೂಡ ಹಾಕಿ.

ನಡುಬೆಂಚು

ಇಷ್ಟು ಜನ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ. ಗ್ರೀಸ್‌ಕೈ ಅವರ ಪ್ರಶ್ನೆ ನೋಡಿ ನಿನ್ನೆ ರಾತ್ರಿ ಫೋನ್ ಕೆಳಗಿಟ್ಟುಬಿಟ್ಟೆ.

ಇಲ್ಲ, ತಣ್ಣಗಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ ಬರ್ತಿತ್ತು, ಒಂದೆರಡು ನಿಮಿಷ. ಅವನು ಹತ್ತು ಗಂಟೆಗೆ ಬರ್ತೀನಿ ಅಂದಿದ್ದ. ನಾನು ಒಂಬತ್ತೂಮುಕ್ಕಾಲಿಗೆ ಸ್ಟಾರ್ಟ್ ಮಾಡಿ, ಬೀದಿ ಕೊನೆವರೆಗೆ ಹೋಗಿ ಬಂದು, ಸೈಡ್ ಸ್ಟ್ಯಾಂಡ್ ಹಾಕಿ, ಸೈಲೆನ್ಸರ್ ಬಾಯಿಗೆ ಹತ್ತಿದ್ದ ಎಣ್ಣೆ ಮಸಿಯನ್ನ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನ ಸೀಟಿನ ಕೆಳಗೆ ಇಡದೆ ಮನೆ ಒಳಗೆ ತಗೊಂಡು ಹೋದೆ. ಅವನ ಕಣ್ಣಿಗೆ ಬೀಳಬಾರದು ಅಂತ.

ಬರೆಯುವಾಗ ಕೈ ನಡುಗ್ತಿದೆ. 'ನಾನು ಸುಳ್ಳು ಹೇಳಿಲ್ಲ' ಅಂತ ಮೇಲೆ ಬರೆದಿದ್ದೆ ನೋಡಿ.

ಗ್ರೀಸ್‌ಕೈ

ಹ್ಮ್. ಈ ಟ್ರಿಕ್ ಎಲ್ಲರೂ ಮಾಡ್ತಾರೆ. ಅದಕ್ಕೇ ನಾವು ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದ್ರೆ ಮೊದಲು ಇಂಜಿನ್ ಕೇಸಿನ ಹತ್ರ ಕೈ ಹಿಡಿದು ನೋಡೋದು. ಬೆಚ್ಚಗಿದ್ರೆ 'ನಾಳೆ ಬೆಳಿಗ್ಗೆ ಬರ್ತೀನಿ' ಅಂತ ವಾಪಸ್.

ಆದ್ರೆ ಒಂದು ಮಾತು ಕೇಳಿ. ಇದು ಬರೀ ಖರ್ಚಿನ ವಿಷಯ ಅಲ್ಲ. ಆಯಿಲ್ ಕಮ್ಮಿ ಆಗ್ತಾ ಹೋಗಿ ಅವನು ನೋಡ್ಕೊಳ್ಳದೇ ಇದ್ರೆ ಇಂಜಿನ್ ಸೀಜ್ ಆಗುತ್ತೆ. ಗೇರ್ ಬೈಕು ಸ್ಪೀಡಲ್ಲಿ ಇರುವಾಗ ಸೀಜ್ ಆದ್ರೆ ಹಿಂದಿನ ಚಕ್ರ ಜಾಮ್ ಆಗಿ ಜಾರಿ ಬೀಳೋ ಚಾನ್ಸ್ ಇದೆ. ಆ ಕ್ಷಣ ಕ್ಲಚ್ ಹಿಡಿಯೋ ಬುದ್ಧಿ ಎಲ್ಲರಿಗೂ ಬರಲ್ಲ. ನಿಮಗೆ ಮೆಕ್ಯಾನಿಕ್ 'ವಾರಕ್ಕೊಂದ್ಸಲ ಲೆವೆಲ್ ನೋಡಿ' ಅಂದಿದ್ದು ಅದಕ್ಕೇ. ಆ ಮಾತು ಆ ಹುಡುಗನಿಗೆ ತಲುಪಲೇ ಇಲ್ಲ.

ಸಭಾಸೇವಕ

ನಾನು ಒಂದು ಚಿಕ್ಕ ಸಭೆ ನೋಡ್ಕೊಳ್ಳೋನು. ಇಷ್ಟು ಹೊತ್ತು ಸುಮ್ನಿದ್ದೆ, ಗ್ರೀಸ್‌ಕೈ ಅವರ ಮಾತು ಓದಿದ್ಮೇಲೆ ಬರೀಲೇಬೇಕು ಅನ್ನಿಸ್ತು.

ವಿಮೋಚನಕಾಂಡ 21:28ರಿಂದ ಓದಿ. ಎತ್ತು ಹಾಯ್ದು ಮನುಷ್ಯ ಸತ್ರೆ ಎತ್ತನ್ನ ಕಲ್ಲೆಸೆದು ಕೊಲ್ಲಬೇಕು, ಒಡೆಯನಿಗೆ ಶಿಕ್ಷೆ ಇಲ್ಲ. ಆದ್ರೆ ಆ ಎತ್ತಿಗೆ ಮುಂಚಿನಿಂದ ಹಾಯೋ ಅಭ್ಯಾಸ ಇದ್ದು, ಅದನ್ನ ಒಡೆಯನಿಗೆ ಯಾರೋ ತಿಳಿಸಿದ್ದೂ ಅವನು ಕಟ್ಟಿಹಾಕದೇ ಇದ್ರೆ, ಆಗ ಒಡೆಯನೇ ಹೊಣೆ. ತಪ್ಪಿನ ತೂಕ ಬದಲಾಗೋದು 'ತಿಳಿಸಿದ್ದರು' ಅನ್ನೋ ಒಂದೇ ಮಾತಿನಿಂದ. ಅದೇ ಅಧ್ಯಾಯದಲ್ಲಿ ಗುಂಡಿ ತೋಡಿ ಮುಚ್ಚದೇ ಬಿಟ್ಟವನ ನಿಯಮ ಇದೆ. ಧರ್ಮೋಪದೇಶಕಾಂಡ 22:8ರಲ್ಲಿ ಹೊಸ ಮನೆ ಕಟ್ಟಿದ್ರೆ ಮಾಳಿಗೆ ಸುತ್ತ ಗೋಡೆ ಕಟ್ಟು, ಯಾರಾದ್ರೂ ಬಿದ್ರೆ ರಕ್ತಾಪರಾಧ ನಿನ್ನ ಮನೆ ಮೇಲೆ ಬರುತ್ತೆ ಅಂತಿದೆ. ಇವನ್ನೆಲ್ಲಾ ಹಳೇ ಒಡಂಬಡಿಕೆ, ನಮಗಲ್ಲ ಅಂತ ನಾವು ಪಾಸ್ಟರ್‌ಗಳೇ ಹಾರಿಸಿಕೊಂಡು ಹೋಗ್ತೀವಿ. ನಾನು ಇಷ್ಟು ವರ್ಷದಲ್ಲಿ ಎತ್ತಿನ ಮೇಲೆ ಒಂದೂ ಪ್ರಸಂಗ ಮಾಡಿಲ್ಲ, ಒಪ್ಕೋತೀನಿ.

ಬ್ರದರ್, ನಿಮಗೆ ತಿಳಿಸಿದ್ದರು.

ಲೆಕ್ಕಪಕ್ಕಾ

ಎತ್ತಿಗೂ ಬೈಕಿಗೂ ಏನು ಸಂಬಂಧ ಸ್ವಾಮಿ. ಇಷ್ಟೆಲ್ಲಾ ಸೂಕ್ಷ್ಮ ನೋಡ್ತಾ ಹೋದ್ರೆ ಯಾರೂ ಏನೂ ಮಾರೋಕಾಗಲ್ಲ. ಬದುಕಬೇಕಲ್ರೀ.

ದಿದುಮ

17ನೇ ಶತಮಾನದ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರು ಬದುಕಿದ್ರು. 'ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ' ಅನ್ನೋ ಮತ್ತಾಯ 5:37ನ್ನ ಅವರು ಅಂಗಡಿ ಒಳಗೂ ತಂದ್ರು. ಮನಸ್ಸಲ್ಲಿ ಒಂದು ಬೆಲೆ, ಬಾಯಲ್ಲಿ ಇನ್ನೊಂದು ಇಡೋದೇ ಸುಳ್ಳು ಅಂತ ಚೌಕಾಸಿ ಬಿಟ್ಟು, ಎಲ್ಲರಿಗೂ ಒಂದೇ ಬೆಲೆ ಹೇಳಿದ್ರು. ಮೊದಮೊದಲು ಗಿರಾಕಿಗಳು ದೂರ ಹೋದ್ರು. ಆಮೇಲೆ ಮಗುವನ್ನ ಕಳಿಸಿದ್ರೂ ಮೋಸ ಆಗಲ್ಲ ಅಂತ ಅಲ್ಲಿಗೇ ಬಂದ್ರು. ನ್ಯಾಯಾಲಯದಲ್ಲಿ ಪ್ರಮಾಣ ಮಾಡಲ್ಲ ಅಂತ ಜೈಲಿಗೂ ಹೋದವರು ಇದೇ ಜನ.

ಲೆಕ್ಕಪಕ್ಕಾ

ಅಂದ್ರೆ ಕೊನೆಗೆ ಲಾಭ ಆಯ್ತು ತಾನೆ? 😏

ದಿದುಮ

ಆಯ್ತು. ಅದೂ ಅವರಿಗೆ ತಲೆನೋವಾಯ್ತು ಅನ್ನಿ, ಸರಳವಾಗಿ ಬದುಕಬೇಕು ಅಂತ ಹೊರಟವರು ಶ್ರೀಮಂತರಾಗಿಬಿಟ್ರು.

ಹೊರಗಿನವ

ನಾನು ದೇವರನ್ನ ನಂಬೋನಲ್ಲ, ಬೇರೆ ಏನೋ ಹುಡುಕ್ತಾ ಇಲ್ಲಿಗೆ ಬಂದೆ. ಒಂದು ಸಂದೇಹ. ಈ ಹುಡುಗನಿಗೆ ಬೈಕಿನ ವಿಷಯ ಹೇಳೋಕೆ ನಿಮಗೆ ಮೂರು ಸಾವಿರ ವರ್ಷದ ಎತ್ತು ಬೇಕಾ? ಇಷ್ಟು ಹೊತ್ತಿಗೆ ಫೋನ್ ಮಾಡಿ ಮುಗಿಸಬಹುದಿತ್ತಲ್ಲ.

ಮಾರ್ಥ

@ಹೊರಗಿನವ ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮುಖಕ್ಕೆ ಹೊಡೆದ ಹಾಗಾಯ್ತು.

ಆದ್ರೂ ನನ್ನದೊಂದು ಹೇಳ್ತೀನಿ. ನಾನು ನರ್ಸ್. ಕೆಲವು ವರ್ಷದ ಹಿಂದೆ ಒಂದು ರಾತ್ರಿ ಪಾಳಿ, ಇಬ್ಬರು ರಜಾ, ವಾರ್ಡ್ ತುಂಬಾ ಜನ. ನಾಲ್ಕು ಗಂಟೆ ಬಿಪಿ ನೋಡೋ ಹೊತ್ತಿಗೆ ಕಾಲು ಎತ್ತಿಡೋಕೆ ಆಗ್ತಿರಲಿಲ್ಲ. ಸ್ಟೇಷನ್‌ನಲ್ಲೇ ಕೂತು ಆರು ಜನರ ಚಾರ್ಟಿನಲ್ಲಿ ಬರೆದುಬಿಟ್ಟೆ. 120/80, 118/78, 122/80. ಒಂದೇ ತರ ಕಾಣಬಾರದು ಅಂತ ಸ್ವಲ್ಪ ಆ ಕಡೆ ಈ ಕಡೆ ಮಾಡಿದೆ. ಆ ಜಾಣತನವೇ ಈಗಲೂ ಚುಚ್ಚೋದು. ನನ್ನ ಟೇಬಲ್ ಮೇಲೆ ನಾನೇ ಅಂಟಿಸಿದ್ದ ಚೀಟಿ ಇತ್ತು, ಕೊಲೊಸ್ಸೆ 3:23, ಏನು ಮಾಡಿದರೂ ಮನುಷ್ಯರಿಗೋಸ್ಕರ ಅಂತ ಮಾಡದೆ ಕರ್ತನಿಗೋಸ್ಕರವೇ ಅಂತ ಮನಸಾರೆ ಮಾಡಿ ಅಂತ. ಅದರ ಪಕ್ಕದಲ್ಲೇ ಪೆನ್ನಿಟ್ಟು ಬರೆದೆ. ಆಮೇಲೆ ಎದ್ದು ಹೋಗಿ ಆರೂ ಜನರದ್ದು ನೋಡಿದೆ. ಒಬ್ಬರದ್ದು 90/60 ಇತ್ತು. ಡಾಕ್ಟರನ್ನ ಕರೆದೆ, ಚಾರ್ಟಲ್ಲಿ ಸುಳ್ಳು ಬರೆದಿದ್ದೆ ಅಂತ ಬೆಳಿಗ್ಗೆ ಮೇಲಿನವರಿಗೂ ಹೇಳಿದೆ. ಬೈಸಿಕೊಂಡೆ, ಬರೆದುಕೊಡಬೇಕಾಯ್ತು. ಅವರು ಚೇತರಿಸಿಕೊಂಡ್ರು.

ನನ್ನನ್ನ ಎಬ್ಬಿಸಿದ್ದು ಆ ಚೀಟಿಯಾ, ಭಯಾನಾ, ನನಗೇ ಗೊತ್ತಿಲ್ಲ. ಚೀಟಿ ಇಲ್ದಿದ್ರೂ ಏಳ್ತಿದ್ನೇನೋ. ಎದ್ದೆ, ಅಷ್ಟೆ.

ಎರಡುಕಾಸು

ಮಾರ್ಥ, ಈಗ ಸಂಜೆ ಜಪದಲ್ಲಿ ನಿನ್ನ ಹೆಸರು ಹೇಳ್ತೀನಿ.

ದಿದುಮ

ಅಂದ ಹಾಗೆ ಕೊಲೊಸ್ಸೆ 3:23 ಬರೆದದ್ದು ದಾಸರಿಗೆ, 22ರಲ್ಲಿದೆ. ಆಫೀಸ್ ಗೋಡೆ ಮೇಲೆ ಮಾಲೀಕರೇ ಅದನ್ನ ನೇತುಹಾಕಿರೋದು ನೋಡಿದ್ರೆ ನನಗೆ ಮೈ ಉರಿಯುತ್ತೆ. 4:1ರಲ್ಲಿ ಯಜಮಾನರಿಗೆ ನ್ಯಾಯವಾಗಿ ಸಮವಾಗಿ ನಡೆಸಿಕೊಳ್ಳಿ ಅಂತಿದೆ, ಅದನ್ನ ನೇತುಹಾಕಲಿ ನೋಡೋಣ. ಇಬ್ಬರು ರಜಾ ಇದ್ದಾಗ ಒಬ್ಬರ ಮೇಲೆ ಇಡೀ ವಾರ್ಡ್ ಹಾಕಿದವರಿಗೆ.

ಮಾರ್ಥ

🙏 ಇದನ್ನ ಪ್ರಿಂಟ್ ತೆಗೆಸ್ತೀನಿ.

ಮುಂಬಾಗಿಲು

ವಿಷಯಾಂತರ ಅನ್ನಿಸಬಹುದು. ನಾನು ರಿಸೆಪ್ಷನ್‌ನಲ್ಲಿ ಕೂರ್ತೀನಿ. ದಿನಕ್ಕೆ ಐದಾರು ಸಲ 'ಸಾರ್ ಇಲ್ಲ ಅಂತ ಹೇಳು' ಅಂತಾರೆ, ಒಳಗೇ ಇರ್ತಾರೆ. ನಾನೇನು ಮಾಡ್ಬೇಕು? ಕೆಲಸ ಬಿಡೋಕಾಗಲ್ಲ.

ಎರಡುಕಾಸು

'ಈಗ ಮಾತಾಡೋಕೆ ಆಗಲ್ಲ ಅಂತೆ, ಹೆಸರು ನಂಬರ್ ಕೊಡಿ' ಅನ್ನು ಮಗಳೆ. ಅದು ನಿಜ ತಾನೆ.

ಲೆಕ್ಕಪಕ್ಕಾ

ಅದೂ ಮುಚ್ಚಿಡೋದೇ ಅಲ್ವಾ ಆಂಟಿ? ಬೈಕಿಗೆ ಒಂದು ನ್ಯಾಯ, ಫೋನಿಗೆ ಒಂದು ನ್ಯಾಯಾನಾ?

ಎರಡುಕಾಸು

ಅಲ್ಲ ಕಣಪ್ಪ. ಫೋನ್ ಮಾಡಿದವನಿಗೆ ಒಳಗಿರೋನ ಸಮಯದ ಮೇಲೆ ಹಕ್ಕಿಲ್ಲ. ಬೈಕಿಗೆ ದುಡ್ಡು ಕೊಟ್ಟವನಿಗೆ ಬೈಕಿನ ಮೇಲೆ ಹಕ್ಕಿದೆ. ಎಲ್ಲಾ ಮೌನವೂ ಒಂದೇ ಅಲ್ಲ.

ಕೃಪೆಮಾತ್ರ

ಹಾಗಾದ್ರೆ ಗೂಢಚಾರರನ್ನ ಬಚ್ಚಿಟ್ಟ ರಾಹಾಬಳು? ಗಂಡುಮಕ್ಕಳನ್ನ ಕೊಲ್ಲದೆ ಉಳಿಸಿದ ಐಗುಪ್ತದ ಸೂಲಗಿತ್ತಿಯರು? ಅವರು ಸುಳ್ಳೇ ಹೇಳಿದ್ದು, ದೇವರು ಅವರಿಗೆ ಒಳ್ಳೇದೇ ಮಾಡಿದ.

ದಿದುಮ

ಸಂತ ಅಗಸ್ಟೀನ್ ಸುಳ್ಳಿನ ಬಗ್ಗೆಯೇ ಎರಡು ಪ್ರಬಂಧ ಬರೆದವರು. ಅವರ ಪ್ರಕಾರ ದೇವರು ಮೆಚ್ಚಿದ್ದು ಆ ಹೆಂಗಸರ ಕರುಣೆಯನ್ನ, ಸುಳ್ಳನ್ನಲ್ಲ. ನನಗೆ ಆ ಉತ್ತರ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಸೂಲಗಿತ್ತಿಯರದ್ದು ಫರೋಹನ ಮುಂದೆಯೇ ನಿಂತು, ಮಕ್ಕಳನ್ನ ಉಳಿಸೋಕೆ ಹೇಳಿದ ಸುಳ್ಳು. ನಮ್ಮ ಬೈಕಿನ ಕೇಸಿಗೂ ಅದಕ್ಕೂ ಅಜಗಜಾಂತರ.

ನಿರ್ವಾಹಕ

ರಾಹಾಬಳ ಬಗ್ಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು. ಕಳೆದ ಸಲ ಅದು ಹನ್ನೊಂದು ಪುಟ ಹೋಗಿತ್ತು.

ನಡುಬೆಂಚು

ಇನ್ನೊಂದು ಬಾಕಿ ಇದೆ, ಅದನ್ನೂ ಹೇಳಿಬಿಡ್ತೀನಿ. ಟ್ಯಾಂಕ್ ಮೇಲೆ ಒಂದು ಸ್ಟಿಕ್ಕರ್ ಇತ್ತು, 'ಯೆಹೋವನು ನನಗೆ ಕುರುಬನು' ಅಂತ. ಆ ಹುಡುಗ ಅದನ್ನ ಬೆರಳಲ್ಲಿ ಮುಟ್ಟಿ, 'ನೀವು ದೇವರ ಭಯ ಇರೋರು, ಜಾಸ್ತಿ ನೋಡೋದೇನಿಲ್ಲ ಬಿಡಿ' ಅಂದ. ನಾನು ನಕ್ಕೆ.

ಹೊರಗಿನವ

ಓಹ್.

ಸಭಾಸೇವಕ

ದೇವರ ಹೆಸರನ್ನ ಅಯೋಗ್ಯವಾಗಿ ಎತ್ತಬಾರದು ಅನ್ನೋ ಆಜ್ಞೆ ಬರೀ ಬಾಯಿಗೆ ಬಂದ ಹಾಗೆ ಆಣೆ ಇಡೋದರ ಬಗ್ಗೆ ಅಂತ ನಾವು ಮಕ್ಕಳಿಗೆ ಹೇಳಿಕೊಡ್ತೀವಿ.

ಎರಡುಕಾಸು

ನನಗೆ ಅನನೀಯ ಸಪ್ಫೈರರ ನೆನಪಾಗ್ತಿದೆ, ಪ್ರೇಷಿತರ ಕಾರ್ಯಕಲಾಪಗಳು 5. ಹೊಲ ಮಾರಿದ ದುಡ್ಡಲ್ಲಿ ಸ್ವಲ್ಪ ಇಟ್ಕೊಂಡಿದ್ದು ಅವರ ತಪ್ಪಲ್ಲ. ಮಾರಿದ ಮೇಲೂ ಅದು ನಿನ್ನದೇ ಆಗಿತ್ತಲ್ಲ ಅಂತ ಪೇತ್ರನೇ ಕೇಳ್ತಾನೆ. ಪೂರ್ತಿ ತಂದ ಹಾಗೆ ನಟಿಸಿದ್ದು ತಪ್ಪು. ಹಳೇ ಬೈಕ್ ಮಾರೋದು ತಪ್ಪಲ್ಲ ಮಗಾ. ಒಂಬತ್ತೂಮುಕ್ಕಾಲಿಗೆ ಎದ್ದು ಹೋದದ್ದು ತಪ್ಪು.

ಕೃಪೆಮಾತ್ರ

ಸರಿ, ಸ್ಟಿಕ್ಕರ್ ವಿಷಯ ಕೇಳಿದ್ಮೇಲೆ ನಾನೂ ಫೋನ್ ಮಾಡಿ ಅಂತಲೇ ಹೇಳೋದು. ಆದ್ರೆ ಒಂದು ಎಚ್ಚರಿಕೆ. ರಕ್ಷಣೆ ಉಳಿಸಿಕೊಳ್ಳೋಕೆ ಅಂತ ಮಾಡ್ಬೇಡಿ. ಸುಂಕದವನಾದ ಜಕ್ಕಾಯ ಮೋಸದಿಂದ ತಗೊಂಡದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದದ್ದು ಯೇಸು ಅವನ ಮನೆಗೆ ಬಂದ ಮೇಲೆ, ಬರಲಿ ಅಂತ ಅಲ್ಲ.

ದಿದುಮ

ಅಲ್ಲೊಂದು ತಮಾಷೆ ಇದೆ. ಲೂಕ 19:8ರ ಗ್ರೀಕ್‌ನಲ್ಲಿ 'ಕೊಡುವೆನು' ಅಂತ ಭವಿಷ್ಯತ್ ಇಲ್ಲ, 'ಕೊಡುತ್ತೇನೆ, ಹಿಂತಿರುಗಿಸುತ್ತೇನೆ' ಅಂತ ವರ್ತಮಾನ ಕಾಲ ಇದೆ. ಹಾಗಾಗಿ ಕೆಲವು ಪಂಡಿತರು ಜಕ್ಕಾಯ ಮುಂಚಿನಿಂದಲೇ ಹಾಗೆ ಮಾಡ್ತಿದ್ದ, ಊರವರು ಸುಮ್ನೆ ಗೊಣಗ್ತಿದ್ರು ಅಂತ ಓದ್ತಾರೆ. ಹೆಚ್ಚಿನವರು ಅದು ಆಗ ತಾನೇ ಮಾಡಿದ ನಿರ್ಧಾರ ಅಂತಾರೆ. ನನಗೂ ಎರಡನೆಯದೇ ಸರಿ ಅನ್ನಿಸುತ್ತೆ, ಇಲ್ದಿದ್ರೆ 'ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು' ಅನ್ನೋ ಮಾತು ಪೊಳ್ಳಾಗುತ್ತೆ.

ಮತ್ತೆ ನಾಲ್ಕರಷ್ಟು ಅವನೇ ಕಟ್ಟಿದ ಲೆಕ್ಕ ಅಲ್ಲ. ವಿಮೋಚನಕಾಂಡ 22:1ರಲ್ಲಿ ಕದ್ದ ಕುರಿಯನ್ನ ಕೊಯ್ದೋ ಮಾರಿಯೋ ಬಿಟ್ರೆ ನಾಲ್ಕು ಕುರಿ, ಎತ್ತಾದ್ರೆ ಐದು. ತಾನಾಗೇ ಒಪ್ಪಿಕೊಂಡವನಿಗೆ ಅಷ್ಟಿಲ್ಲ, ಅರಣ್ಯಕಾಂಡ 5:7ರ ಪ್ರಕಾರ ಅಸಲು ಮತ್ತು ಅದರ ಐದನೇ ಒಂದು ಭಾಗ. ಜಕ್ಕಾಯ ತಾನಾಗೇ ಒಪ್ಕೊಂಡ್ರೂ ತನ್ನ ಮೇಲೆ ಕಳ್ಳನ ದಂಡವನ್ನೇ ಹಾಕ್ಕೊಂಡ.

ಮುಂಬಾಗಿಲು

ನಡುಬೆಂಚು ಅಣ್ಣ, ಹಾಗಾದ್ರೆ ರಿಪೇರಿ ಖರ್ಚು ಮತ್ತೆ ಐದನೇ ಒಂದು ಭಾಗ. ಗ್ರೀಸ್‌ಕೈ ಅಣ್ಣ ಲೇಬರ್ ಬಿಡ್ತಾರೆ 😀

ಗ್ರೀಸ್‌ಕೈ

ನನ್ನನ್ಯಾಕೆ ಎಳೀತೀರಾ. ಸೀಲ್ ಮಾತ್ರ ಆದ್ರೆ ದೊಡ್ಡ ಕೆಲಸ ಅಲ್ಲ. ಬೋರ್ ಹೋಗಿದ್ರೆ ಮಾತ್ರ ಕಷ್ಟ.

ನಡುಬೆಂಚು

ಹೆಂಡತಿಗೆ ಬಟ್ಟೆ, ಸ್ಟಿಕ್ಕರ್ ಎರಡೂ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ತುಂಬಾ ಹೊತ್ತು ಸುಮ್ನಿದ್ದು, 'ಮತ್ತೆ ನನ್ನ ಬಾಯಲ್ಲಿ ಕಣ್ಣಿರಲಿಲ್ವಾ ಅಂತ ಅನ್ನಿಸಿದ್ರಲ್ಲ' ಅಂದ್ಳು. ನಾಳೆ ಫೋನ್ ಮಾಡ್ತೀನಿ. ಎಲ್ಲರೂ ಪ್ರಾರ್ಥನೆ ಮಾಡಿ.

ಸಾಸಿವೆಕಾಳು

ಖಂಡಿತ ಬ್ರದರ್ 🙏🙏 ಮತ್ತಾಯ 5:23-24. ಕಾಣಿಕೆಯನ್ನ ಯಜ್ಞವೇದಿ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನ ಜೊತೆ ಸಮಾಧಾನ. 24ನ್ನೂ ಹಾಕಿದ್ದೀನಿ ನೋಡಿ ದಿದುಮ ಬ್ರದರ್.

ದಿದುಮ

ನೋಡಿದೆ. ಕ್ಷಮಿಸಿದ್ರಿ ಅಂದ್ಕೋತೀನಿ.

ನಡುಬೆಂಚು

ಫೋನ್ ಮಾಡಿದೆ.

ಎರಡು ನಿಮಿಷ ಏನೇನೋ ಮಾತಾಡಿ ಆಮೇಲೆ ಎಲ್ಲಾ ಹೇಳಿದೆ. ಆಯಿಲ್, ಹೊಗೆ, ಬಿಸಿ ಮಾಡಿ ಇಟ್ಟದ್ದು. ಅವನು ಜೋರಾಗಿ ನಕ್ಕುಬಿಟ್ಟ. 'ಅಣ್ಣಾ, ಅದನ್ನ ತಿಂಗಳೊಳಗೆ ಮಾರಿಬಿಟ್ಟೆ. ಮಾರನೇ ದಿನವೇ ಹೊಗೆ ನೋಡಿದ್ದೆ. ನಾನೂ ಬಿಸಿ ಮಾಡೇ ತೋರ್ಸಿದ್ದು' ಅಂದ.

ನನಗೆ ಏನು ಹೇಳ್ಬೇಕೋ ತೋಚಲಿಲ್ಲ. ಸ್ಟಿಕ್ಕರ್ ತೆಗೆದ್ರಾ ಅಂತ ಕೇಳಿದೆ. 'ಇಲ್ಲಣ್ಣ, ಅದು ಇರಲಿ ಅಂತ ಬಿಟ್ಟೆ. ಅದು ಇದ್ರೆ ಜನ ನಂಬ್ತಾರೆ.'

ಲೆಕ್ಕಪಕ್ಕಾ

😶

ಲೆಕ್ಕಪಕ್ಕಾ

ಇದಕ್ಕೆ ನಾನು ಏನೂ ಹೇಳಲ್ಲಪ್ಪ.

ಎರಡುಕಾಸು

ದೇವರೇ.

ಮುಂಬಾಗಿಲು

ಈಗ ದುಡ್ಡು ಯಾರಿಗೆ ಸೇರ್ಬೇಕು? ಈ ಹುಡುಗನಿಗೆ ನಷ್ಟವೇ ಆಗಿಲ್ಲ.

ಸಭಾಸೇವಕ

ಅರಣ್ಯಕಾಂಡ 5:8ರಲ್ಲಿ ವಾಪಸ್ ತಗೊಳ್ಳೋಕೆ ಸಮೀಪಬಂಧು ಇಲ್ಲದಿದ್ರೆ ಅದು ದೇವರಿಗೆ, ಯಾಜಕನ ಕೈಗೆ ಅಂತಿದೆ. ದಯವಿಟ್ಟು ಅದನ್ನ ಓದಿ ಸಭೆಗೆ ಕಾಣಿಕೆ ಹಾಕಿ ಕೈ ತೊಳ್ಕೋಬೇಡಿ ಬ್ರದರ್. ಇಲ್ಲಿ ಮನುಷ್ಯ ಇದ್ದಾನೆ. ಈಗ ಆ ಗಾಡಿ ಓಡಿಸ್ತಿರೋನು.

ಗ್ರೀಸ್‌ಕೈ

ದುಡ್ಡು ಆಮೇಲೆ ನೋಡಿ. ಮೂರನೆಯವರ ನಂಬರ್ ಸಿಕ್ತಾ? ಸಿಕ್ಕಿದ್ರೆ ಕ್ಷಮೆ ಗಿಮೆ ಶುರು ಮಾಡೋಕೆ ಮುಂಚೆ ಒಂದೇ ಮಾತು ಹೇಳಿ: ಇವತ್ತು ಗಾಡಿ ತೆಗೆಯೋಕೆ ಮುಂಚೆ ಆಯಿಲ್ ನೋಡಿ. ಗಾಡಿ ನೆಟ್ಟಗೆ ನಿಲ್ಲಿಸಿ ನೋಡೋಕೆ ಹೇಳಿ, ಸೈಡ್ ಸ್ಟ್ಯಾಂಡಲ್ಲಿ ನೋಡಿದ್ರೆ ಲೆವೆಲ್ ತಪ್ಪು ತೋರಿಸುತ್ತೆ.

ನಡುಬೆಂಚು

ನಂಬರ್ ಕೊಟ್ಟ, ಸ್ವಲ್ಪ ಗೊಣಗಿ. 'ನನ್ನ ಹೆಸರು ಹೇಳ್ಬೇಡಿ ಅಣ್ಣಾ' ಅಂದ. ಈಗ ಮಾಡ್ತಿದೀನಿ.

ನಡುಬೆಂಚು

ರಿಂಗ್ ಆಗಿ ಕಟ್ ಆಯ್ತು. ಎರಡು ಸಲ. ಗಾಡಿ ಓಡಿಸ್ತಿರಬಹುದು. ಆಯಿಲ್ ವಿಷಯ ಮೆಸೇಜ್ ಹಾಕಿದೀನಿ, ಇನ್ನೂ ನೋಡಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡ್ತೀನಿ.